ದರ್ಜಿ ಬಾಯಿಬಿಟ್ಟ ಬುಧವಾರ

ಮೂವತ್ತು ವರ್ಷ ಆ ಅಂಗಡಿಯಲ್ಲಿ ಹೊಲಿಗೆಯೆಲ್ಲ ದರ್ಜಿಯದು, ಮಾತೆಲ್ಲ ಅವನ ಹೆಂಡತಿಯದು. ಕಾಲರ್ ಬಿಗಿಯಾಯಿತೆಂದು ಯಾರಾದರೂ ಜಗಳಕ್ಕೆ ಬಂದರೆ ಅವನು ಮಷೀನಿನ ಮೇಲೆ ತಲೆ ಬಗ್ಗಿಸುತ್ತಿದ್ದ. "ಕಾಲರ್ ಸರಿಯಾಗೇ ಇದೆ, ನೀವೇ ಒಂಚೂರು ದುಂಡಗಾಗಿದ್ದೀರಿ" ಎಂದು ಅವಳು ನಗಿಸಿ ಕಳಿಸುತ್ತಿದ್ದಳು. ಹೊಸದೆಂದರೆ ಅವನಿಗೆ ಆಗದು. ಹೊಸ ದಾರಿಯಿರಲಿ, ಹೊಸ ಮಾದರಿಯ ಜೇಬಿರಲಿ, "ಬೇಡ ಬಿಡು" ಎಂದರೆ ಮುಗಿಯಿತು.

ಲಕ್ವ ಹೊಡೆದು ಅವಳ ಮಾತು ಹೋಯಿತು. ಕೈಕಾಲು ಚೇತರಿಸಿಕೊಂಡವು, ಬಾಯಲ್ಲಿ ಮಾತ್ರ "ಅಲ್ಲ" ಎಂಬ ಒಂದೇ ಪದ ಉಳಿಯಿತು. ನೀರು ಬೇಕಾದರೂ ಅಲ್ಲ, ಕಿಟಕಿ ತೆಗೆಯಬೇಕಾದರೂ ಅಲ್ಲ. ಅವನು ಮನೆಯಲ್ಲಿದ್ದುದನ್ನೆಲ್ಲ ಒಂದೊಂದಾಗಿ ಎತ್ತಿ ತೋರಿಸುವನು. ಅವಳು ಹಣೆ ಹಣೆ ಬಡಿದುಕೊಳ್ಳುವಳು. ನಾಲ್ಕು ತಿಂಗಳಲ್ಲಿ ಇಬ್ಬರೂ ಸೋತು ಸುಣ್ಣವಾದರು.

"ಮಾತು ನಿಂತವರಿಗೂ ಕೆಲವು ಸಲ ಹಾಡು ಬರುತ್ತೆ," ಎಂದರು ಮಾತು ಕಲಿಸುವ ಡಾಕ್ಟರಮ್ಮ. "ಪ್ರತಿ ಬುಧವಾರ ಇಲ್ಲೇ ಆಸ್ಪತ್ರೇಲಿ ಇಂಥವರೆಲ್ಲ ಸೇರಿ ಹಾಡ್ತೀವಿ. ಜೊತೆಗೆ ನೀವೂ ಹಾಡಬೇಕು."

"ನಾನಾ? ನನ್ನ ಗಂಟಲು ಕೇಳಿದ್ರೆ ಕತ್ತೆನೂ ನಾಚಿಕೊಳ್ಳುತ್ತೆ, ಅಮ್ಮಾ. ರೇಡಿಯೋ ಹಾಕಿದ್ರೆ ಆಗಲ್ವಾ?"

"ರೇಡಿಯೋ ಅವರ ಕೈ ಹಿಡ್ಕೊಳ್ಳುತ್ತಾ?"

ಎರಡು ಬುಧವಾರ ಅವಳನ್ನು ಬಾಗಿಲವರೆಗೆ ಕರೆತಂದು, ಒಳಗಿನ ಗದ್ದಲ ಕೇಳಿ ಹಾಗೇ ವಾಪಸಾದ. ಆಮೇಲೆ ಅವಳು ಊಟ ಬಿಟ್ಟಳು. ಗೋಡೆಯತ್ತ ಮುಖ ಮಾಡಿ ಮಲಗಿದವಳು ಮೂರು ದಿನ "ಅಲ್ಲ" ಎಂದು ಸಹ ಅನ್ನಲಿಲ್ಲ. ಮೂರನೆಯ ಬುಧವಾರ ಅವಳನ್ನು ಹೆಚ್ಚುಕಡಿಮೆ ಹೊತ್ತುಕೊಂಡೇ ಒಳಗೆ ಹೋದ.

ಹದಿನಾರು ಜನ ನೋಡುತ್ತಿದ್ದರು. ಒಂದು ಕಾಲದಲ್ಲಿ ಪುಟ್ಟ ಮಗಳನ್ನು ಮಲಗಿಸಲು ಅವಳು ಹಾಡುತ್ತಿದ್ದ ಹಾಡೊಂದೇ ಅವನಿಗೆ ನೆನಪಿದ್ದುದು, ಅದೂ ಅರೆಬರೆ. ಅವಳ ಅಂಗೈ ತಟ್ಟುತ್ತ ಶುರುಮಾಡಿದ:

"ತೂಗುವ ತೊಟ್ಟಿಲಿಗೆ ಬಿಳಿಮುಗಿಲ..." ಮುಂದಿನ ಪದ ಹೊಳೆಯಲಿಲ್ಲ. ಬಾಯಿಗೆ ಬಂದದ್ದನ್ನು ಸೇರಿಸಿದ: "...ಜೇಬು."

ಯಾರೋ ಕಿಸಕ್ಕನೆ ನಕ್ಕರು. ದರ್ಜಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆದರೂ ನಿಲ್ಲಿಸದೆ ಅದೇ ಸಾಲನ್ನು ಮತ್ತೆ ಹಾಡಿದ, ಮತ್ತೆ ಜೇಬೇ ಬಂತು.

"ಅಲ್ಲ!" ಎಂದು ಅವಳು ಅವನ ಕೈಗೆ ಹೊಡೆದಳು. ತುಟಿ ಅದುರಿತು. "ಬಿಳಿಮುಗಿಲ... ಹೊದಿಕೆ." ಒಡಕು ದನಿ, ರಾಗ ಮಾತ್ರ ತಪ್ಪಿರಲಿಲ್ಲ.

ಅವನು ಅಲ್ಲೇ, ಅಷ್ಟು ಜನರೆದುರು, ಬಿಕ್ಕಿ ಬಿಕ್ಕಿ ಅತ್ತ.

ಮನೆಗೆ ಬಂದರೆ ಮತ್ತೆ ಅದೇ "ಅಲ್ಲ". ಅವಳು ಎರಡು ತುತ್ತು ತಿಂದು ತಟ್ಟೆ ಸರಿಸಿದಳು. ಮರುದಿನ ಅವನು ಡಾಕ್ಟರಮ್ಮನ ಮುಂದೆ ನಿಂತು, ಅವಳ ಮಾತು ಮರಳುತ್ತದೆಯೇ ಎಂದು ಕೇಳಿದ.

"ಇಷ್ಟಕ್ಕೇ ನಿಲ್ಲಬಹುದು," ಎಂದರು ಅವರು. "ಸುಳ್ಳು ಭರವಸೆ ಕೊಡಲಾರೆ."



"ನನಗೆ ಬರೋದು ಅದೊಂದೇ ಹಾಡು," ಎಂದ ದರ್ಜಿ. "ಇನ್ನೊಂದು ಕಲಿಸಿಕೊಡಿ."