ಐದನೆಯ ಗುಂಡುಸೂಜಿ

ಹೊಲಿಗೆಯಲ್ಲಿ ಅಕ್ಕನ ಕೈ ಎಷ್ಟು ಚೊಕ್ಕವೋ ಅಭ್ಯಾಸ ಅಷ್ಟೇ ಕೆಟ್ಟದ್ದು. ಗುಂಡುಸೂಜಿಗಳನ್ನು ತುಟಿಯ ನಡುವೆ ಕಚ್ಚಿಕೊಂಡೇ ಬಟ್ಟೆಯ ಅಂಚು ಮಡಿಸುತ್ತಾಳೆ. ಸೂಜಿ ಚುಚ್ಚಿಡಲು ನಾನು ಪುಟ್ಟ ಮೆತ್ತೆ ಹೊಲಿದುಕೊಟ್ಟರೆ ಅದನ್ನು ಬೀರುವಿನ ಮೇಲೆಸೆದಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಇವತ್ತು ಬೆಳಿಗ್ಗೆ ಪಕ್ಕದ ಅಂಗಡಿಯಾಕೆ ಹೊಸ ಕೋಟು ತೊಟ್ಟು ನಿಂತಿದ್ದಳು. ಅಕ್ಕ ಮಂಡಿಯೂರಿ ಕೂತು, ಐದು ಸೂಜಿ ಕಚ್ಚಿಕೊಂಡು ಅಂಚು ಸರಿಮಾಡುತ್ತಿದ್ದಳು. ಸುಮ್ಮನಿರಲಾರದೆ ನಾನೊಂದು ತಮಾಷೆ ಮಾಡಿದೆ. ಅಕ್ಕ ನಕ್ಕಳು, ನಗುತ್ತಲೇ ಕೆಮ್ಮಿದಳು. ಅಂಗೈಗೆ ಉಗುಳಿದ್ದು ನಾಲ್ಕೇ ಸೂಜಿ.

ನೆಲದ ಮೇಲೆಲ್ಲ ಅಯಸ್ಕಾಂತ ಆಡಿಸಿದೆ, ಕೋಟು ಬಿಚ್ಚಿಸಿ ಕೊಡವಿದೆ. ಸಿಗಲಿಲ್ಲ. ಎಲ್ಲೋ ಬಿದ್ದಿರುತ್ತದೆ, ಕೆಲಸ ನೋಡು ಎಂದು ಅಕ್ಕ ರೇಗಿದಳು. ನಾನೂ ಅವಳ ತಂಗಿಯೇ. ಅಂಗಡಿಯನ್ನು ಪಕ್ಕದಾಕೆಗೆ ಒಪ್ಪಿಸಿ, ಅಕ್ಕನ ರಟ್ಟೆ ಹಿಡಿದು ಬಾಡಿಗೆ ಕಾರಿಗೆ ಹತ್ತಿಸಿದೆ.

ದಾರಿಯಲ್ಲಿ ಅವಳು ಕೆಮ್ಮಿದಾಗಲೆಲ್ಲ ಸೂಜಿ ಇನ್ನಷ್ಟು ಕೆಳಗಿಳಿಯಿತೇನೋ ಎಂದು ಉಸಿರು ಬಿಗಿಹಿಡಿದೆ. ಕಾರು ಕುಲುಕಿದರೆ ಚಾಲಕನಿಗೆ ಬೈದೆ. ನನ್ನ ಹಾಳು ಬಾಯಿ ಅಕ್ಕನ ಜೀವ ತೆಗೆಯುತ್ತದೆ ಎಂದು ಹೆದರಿದ್ದೆ.

ಎಕ್ಸ್‌ರೇಯಲ್ಲಿ ಸೂಜಿ ಬೆಳ್ಳಗೆ ಕಂಡಿತು. ಉಸಿರು ನಾಳದ ಬಲಗವಲಿನಲ್ಲಿ, ಮೊನೆ ಮೇಲಾಗಿ ಕೂತಿತ್ತು. ಎಳೆಯುವಾಗ ಮೊನೆ ಎಲ್ಲಾದರೂ ಕಚ್ಚಿಕೊಂಡರೆ ಒಳಗೆ ರಕ್ತ ಹರಿಯಬಹುದು ಎಂದು ಹೇಳಿ ಡಾಕ್ಟರು ನನ್ನ ಸಹಿ ತೆಗೆದುಕೊಂಡರು. ಅಕ್ಕನನ್ನು ಒಳಗೆ ಕರೆದೊಯ್ದರು. ಮುಚ್ಚಿದ ಬಾಗಿಲ ಮುಂದೆ ನನಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ.

ಅಷ್ಟರಲ್ಲಿ ಪಕ್ಕದ ಅಂಗಡಿಯಾಕೆಯ ಫೋನು ಬಂತು. ಐದನೆಯ ಸೂಜಿ ಕೋಟಿನ ಒಳಪದರದಲ್ಲಿ ಸಿಕ್ಕಿಕೊಂಡಿತ್ತಂತೆ. ಹಾಗಾದರೆ ಅಕ್ಕನ ಎದೆಯಲ್ಲಿರುವುದು ಯಾವುದು?

ಒಂದೂವರೆ ಗಂಟೆಯ ಮೇಲೆ ಡಾಕ್ಟರು ಸ್ಟೀಲ್ ಬಟ್ಟಲು ಹಿಡಿದು ಬಂದರು. ಅಕ್ಕ ಕ್ಷೇಮ ಎಂದರು. ಬಟ್ಟಲಿನ ಸೂಜಿ ತುಕ್ಕು ಹಿಡಿದು ಕಪ್ಪಾಗಿತ್ತು.

"ಇದು ಇವತ್ತಿಂದಲ್ಲಮ್ಮ. ಇವರಿಗೆ ಕೆಮ್ಮು ಯಾವಾಗಿಂದ ಇದೆ?"

ಮೂರು ವರ್ಷದಿಂದ. ಬಟ್ಟೆಯ ಧೂಳು ಎಂದುಕೊಂಡು ನಾವು ಸಿರಪ್ಪು ಕುಡಿಸುತ್ತಿದ್ದೆವು.

ಸಂಜೆ ಅಕ್ಕ ಕಣ್ಣು ಬಿಟ್ಟಾಗ ನೇರವಾಗಿ ಕೇಳಿದೆ. "ಒಳಗೆ ಹೋಗಿದ್ದು ನಿಂಗೆ ಗೊತ್ತಿತ್ತಾ?"

ಅವಳು ಹೌದೆಂದು ತಲೆಯಾಡಿಸಿದಳು. "ಅವತ್ತೂ ನಗಿಸಿದ್ದು ನೀನೇ ಕಣೆ. ಹೇಳಿದ್ರೆ ಆಮೇಲೆ ನಗ್ಸೋದೇ ಬಿಟ್ಬಿಡ್ತಿದ್ದೆ."

ಚೆನ್ನಾಗಿ ಬೈಯಬೇಕೆಂದು ಬಂದವಳು ಅವಳ ಕೈ ಹಿಡಿದು ಅತ್ತುಬಿಟ್ಟೆ.