ಹೊಗೆಕಿಂಡಿಯ ಜಾಲರಿ

ಆ ಬೆಳಿಗ್ಗೆ ಅಮೆರಿಕದ ಮೊಂಟಾನಾದ ಬಯಲಿನಲ್ಲಿ ಮಳೆ ನೀರಾಗಿ ಇಳಿದು, ಮುಟ್ಟಿದ್ದಕ್ಕೆಲ್ಲ ಗಾಜಾಗಿ ಅಂಟಿಕೊಳ್ಳುತ್ತಿತ್ತು. ಬೇಲಿಯ ತಂತಿ, ಹುಲ್ಲುಕಡ್ಡಿ, ಕರೆಂಟು ಕಂಬ ಯಾವುದನ್ನೂ ಅದು ಬಿಟ್ಟಿರಲಿಲ್ಲ. ಹೆದ್ದಾರಿ ಮುಚ್ಚಿ ಎರಡು ದಿನವಾಗಿತ್ತು. ಗಾಡಿಗಳು ತಂಗುವ ಆ ಬಯಲಿನಲ್ಲಿ ಉಳಿದಿದ್ದವು ಎರಡೇ ಗಾಡಿ: ಒಂದು ವರ್ನಾ ಮತ್ತು ಓರಿನ್ ಎಂಬ ಮುದಿ ದಂಪತಿಯ ಮನೆಗಾಡಿ, ಇನ್ನೊಂದು ಹಿಂದೆ ಲಾರಿ ಓಡಿಸುತ್ತಿದ್ದ ಡೆಲ್ಮರ್‌ನದು.

ವರ್ನಾ ಕಣ್ಣು ಬಿಟ್ಟಾಗ ತಲೆ ಸಿಡಿಯುತ್ತಿತ್ತು. ಕಾಫಿ ಕುಡಿದರೆ ಹೋದೀತು ಎಂದುಕೊಂಡು ಎದ್ದಳು. ಎರಡು ಹೆಜ್ಜೆ ಇಡುವಷ್ಟರಲ್ಲಿ ಕಾಲು ಹತ್ತಿಯಂತಾಗಿ ಒಲೆಯ ಅಂಚು ಹಿಡಿದು ನಿಂತಳು. ಗ್ಯಾಸ್ ಹೀಟರು ಬೆಚ್ಚಗೆ ಗುರುಗುಡುತ್ತಿತ್ತು.

"ಓರಿನ್, ಏಳು. ನಂಗ್ಯಾಕೋ ತಲೆ ತಿರುಗ್ತಿದೆ."

ಅವನು ಏಳಲಿಲ್ಲ. ಭುಜ ಅಲುಗಿಸಿದಳು. ತಲೆ ಹೊರಳಿತು, ಕಣ್ಣು ತೆರೆಯಲಿಲ್ಲ. ಕೆನ್ನೆಯಲ್ಲಿ ಮಾತ್ರ ಮಗುವಿನಂಥ ಕೆಂಪು.

ಆ ಕೆಂಪು ಕಂಡದ್ದೇ ಅವಳಿಗೆ ವಿಷಯ ಹೊಳೆಯಿತು. ಹೀಟರಿನ ಹೊಗೆ ಹೊರಹೋಗದಿದ್ದರೆ ಒಳಗೆ ತುಂಬಿ, ಕೆನ್ನೆ ಕೆಂಪೇರಿಸಿ ಕೊಲ್ಲುವ, ವಾಸನೆಯಿಲ್ಲದ ಆ ವಿಷಗಾಳಿ ಗಾಡಿಯಲ್ಲಿ ಬದುಕುವವರಿಗೆಲ್ಲ ಗೊತ್ತು. ಅದು ಬಂದರೆ ಕೂಗಲೆಂದೇ ಗೋಡೆಯಲ್ಲಿ ಅಲಾರಾಂ ಇತ್ತು. ತಮ್ಮದು ವಯಸ್ಸಾಗಿ ಸತ್ತಿತ್ತೆಂದು ಡೆಲ್ಮರ್ ತನ್ನ ಹೆಚ್ಚಿನದನ್ನು ಕೊಟ್ಟಿದ್ದ. "ಹೊಸದು ತಗೊಂಡ ಮೇಲೆ ವಾಪಸ್ ಕೊಡೋ ಮಾರಾಯ, ಹೋದ ವರ್ಷ ಒಯ್ದ ಸ್ಪ್ಯಾನರ್ ಥರ ನುಂಗ್ಬೇಡ" ಎಂದು ಓರಿನ್‌ನನ್ನು ಹಂಗಿಸಿಯೇ ಕೊಟ್ಟದ್ದು.

ಈಗ ಅದು ಯಾಕೆ ಕೂಗಲಿಲ್ಲ? ವರ್ನಾ ಕಿತ್ತು ತಿರುಗಿಸಿದಳು. ಬೆನ್ನಿನಲ್ಲಿ ಬ್ಯಾಟರಿಯ ಜಾಗ ಬರಿದಾಗಿತ್ತು. ಮೇಜಿನ ಮೇಲೆ ಓರಿನ್‌ನ ರೇಡಿಯೋ ಪಿಸುಗುಡುತ್ತಿತ್ತು. ರಾತ್ರಿ ಬೇಕನ್ ಎಂಬ ಹಂದಿಮಾಂಸದ ಪಟ್ಟಿ ಹುರಿಯುವಾಗ ಅಲಾರಾಂ ಒಂದೇ ಸಮ ಅರಚಿದ್ದು, "ಇದಕ್ಕೆ ಹಂದಿ ವಾಸನೇನೂ ಆಗಲ್ಲ, ಹವಾಮಾನವಾದ್ರೂ ಕೇಳೋಣ" ಎಂದು ಓರಿನ್ ಗೊಣಗಿದ್ದು, ಎಲ್ಲ ನೆನಪಾಯಿತು. ಬ್ಯಾಟರಿ ರೇಡಿಯೋದ ಹೊಟ್ಟೆ ಸೇರಿತ್ತು.

ಹೀಟರ್ ಆರಿಸಿ ಬಾಗಿಲಿಗೆ ಓಡಿದಳು. ಹಿಡಿ ತಿರುಗಿತು, ಬಾಗಿಲು ಕದಲಲಿಲ್ಲ. ಹೊರಗಿನ ಮಂಜುಗಡ್ಡೆ ಅದನ್ನು ಚೌಕಟ್ಟಿಗೆ ಬೆಸೆದುಬಿಟ್ಟಿತ್ತು. ಭುಜ ಕೊಟ್ಟು ಗುದ್ದಿದಳು, ಇನ್ನೊಮ್ಮೆ ಗುದ್ದಿದಳು. ಕಣ್ಣ ಮುಂದೆ ಕಪ್ಪು ಚುಕ್ಕಿಗಳು ಕುಣಿದವು. ಇಲ್ಲೇ ಕುಸಿದರೆ ಇಬ್ಬರೂ ಏಳುವುದಿಲ್ಲ ಎಂಬುದು ಅವಳಿಗೆ ತಣ್ಣಗೆ ತಿಳಿಯಿತು. "ದೇವರೇ, ಅವನನ್ನ ಹೀಗೆ ಕರ್ಕೋಬೇಡ," ಎಂದಳು. "ನಂಗೆ ಒಂದೇ ಒಂದು ದಾರಿ ತೋರ್ಸು."

ಆಗ ಹಾಸಿಗೆಯ ತಲೆಯ ಬಳಿಯ ಕೆಂಪು ಚಿಲಕದ ಕಿಟಕಿ ಕಣ್ಣಿಗೆ ಬಿತ್ತು.

ಗಾಡಿಗೆ ಮೂವತ್ತನಾಲ್ಕು ವರ್ಷ. ಪ್ರತಿ ತಿಂಗಳ ಒಂದನೇ ತಾರೀಖು ಓರಿನ್‌ಗೆ ಅದರದೇ ಸೇವೆ: ಚಾವಣಿಯ ಬಿರುಕಿಗೆ ಅಂಟು ಬಳಿಯುವುದು, ಟೈರಿನ ಗಾಳಿ ನೋಡುವುದು, ಕೊನೆಗೆ ಅಪಾಯಕ್ಕೆಂದೇ ಇರುವ ಈ ಕಿಟಕಿಯನ್ನು ಪೂರ್ತಿ ತೆರೆದು ರಬ್ಬರಿಗೆ ಎಣ್ಣೆ ಸವರುವುದು. "ನನ್ ಮಂಡಿಗೆ ಒಂದು ಹನಿ ಎಣ್ಣೆ ಇಲ್ಲ, ಅದಕ್ಕೆ ಮಾತ್ರ ತಿಂಗಳು ತಿಂಗಳು ಅಭ್ಯಂಜನ," ಎಂದು ಅವಳು ಅಣಕಿಸುತ್ತಿದ್ದಳು.

ಓರಿನ್‌ನ ಮೈ ದಾಟಿ ತೆವಳಿ, ಎರಡೂ ಚಿಲಕ ಎತ್ತಿ ತಳ್ಳಿದಳು. ಗಾಜಿನ ಮೇಲಿನ ಮಂಜು ಪಟಪಟನೆ ಒಡೆದು ಉದುರಿತು. ಎಣ್ಣೆ ಕುಡಿದ ರಬ್ಬರು ಸಲೀಸಾಗಿ ಬಿಟ್ಟುಕೊಟ್ಟಿತು. ಚಳಿಗಾಳಿ ಕೆನ್ನೆಗೆ ಹೊಡೆದಂತೆ ಒಳನುಗ್ಗಿತು. ಓರಿನ್‌ನ ಮುಖವನ್ನು ಅದರ ಕಡೆ ಎತ್ತಿ ಹಿಡಿದು ಕೂಗಿದಳು: "ಡೆಲ್ಮರ್! ಡೆಲ್ಮರ್!"

ದಢೂತಿ ಡೆಲ್ಮರ್ ಒಳಚಡ್ಡಿಯ ಮೇಲೆ ಕೋಟು ಹಾಕಿಕೊಂಡು, ಜಾರುವ ನೆಲದ ಮೇಲೆ ಅಂಬೆಗಾಲಿಟ್ಟು ಬಂದ. ಸುತ್ತಿಗೆಯಿಂದ ಬಾಗಿಲ ಅಂಚು ಬಡಿದು ತೆರೆದ. ಇಬ್ಬರೂ ಸೇರಿ ಓರಿನ್‌ನನ್ನು ಹೊಸ್ತಿಲಿಗೆ ಎಳೆದರು. ವರ್ನಾ ಅವನ ಎದೆಯ ಮೇಲೆ ಕೈಯಿಟ್ಟು ಒಂದೊಂದೇ ಉಸಿರು ಎಣಿಸಿದಳು. ಎಷ್ಟೋ ಹೊತ್ತಿಗೆ ರೆಪ್ಪೆ ಅದುರಿತು.

"ಕಿಟಕಿ ಯಾರು ತೆಗ್ದದ್ದು? ಸಾಯೋ ಚಳಿ," ಎಂದ ಓರಿನ್.

ವರ್ನಾ ಗೊಳೋ ಎಂದು ಅತ್ತಳು.

ಡೆಲ್ಮರ್ ಗಾಡಿಯ ಸುತ್ತ ಹೋಗಿ ಹೀಟರಿನ ಹೊಗೆಕಿಂಡಿ ನೋಡಿ ಬಂದ. ಬೇಸಿಗೆಯಲ್ಲಿ ಗ್ಯಾಸಿನ ವಾಸನೆಗೆ ಕಣಜಗಳು ಬಂದು ಆ ಕಿಂಡಿಯಲ್ಲಿ ಮಣ್ಣಿನ ಗೂಡು ಕಟ್ಟುತ್ತವೆ. ಅದಕ್ಕೆ ಎಲ್ಲರೂ ಜಾಲರಿ ಬಿಗಿದು, ಚಳಿ ಬೀಳುವ ಮುಂಚೆ ಬಿಚ್ಚುತ್ತಾರೆ. ಈ ಸಲ ಕಣ್ಣಿನ ಆಪರೇಷನ್ನಿನ ಗಲಾಟೆಯಲ್ಲಿ ಓರಿನ್ ಬಿಚ್ಚಿರಲಿಲ್ಲ. ಮಂಜು ಜಾಲರಿಯ ಕಣ್ಣುಕಣ್ಣನ್ನೂ ಮುಚ್ಚಿ, ಹೊಗೆಯನ್ನು ಒಳಕ್ಕೇ ತಿರುಗಿಸಿತ್ತು.

"ಕಣಜಕ್ಕೆ ಅಂತ ಬಲೆ ಕಟ್ಟಿ ನೀನೇ ಬಿದ್ದೆಯಲ್ಲೋ," ಎಂದ ಡೆಲ್ಮರ್. ನಗಲು ನೋಡಿ, ಆಗದೆ, ಆಂಬುಲೆನ್ಸಿಗೆ ಫೋನ್ ಮಾಡಿದ.

ಎರಡು ಗಂಟೆಯ ನಂತರ ಚಕ್ರಕ್ಕೆ ಸರಪಳಿ ಸುತ್ತಿದ ಆಂಬುಲೆನ್ಸ್ ಆಮ್ಲಜನಕ ಹೊತ್ತು ಬಂತು.

ನಾಲ್ಕನೆಯ ದಿನ ಆಸ್ಪತ್ರೆಯಿಂದ ಬರುವಾಗ ಓರಿನ್ ಎರಡು ಹೊಸ ಅಲಾರಾಂ ಕೊಂಡು ತಂದ. ಕೋಟು ಬಿಚ್ಚುವ ಮೊದಲೇ ಎರಡನ್ನೂ ಗೋಡೆಗೆ ಬಿಗಿದ. ಆಮೇಲೆ ರೇಡಿಯೋದ ಬೆನ್ನು ತೆರೆದು ಬ್ಯಾಟರಿ ತೆಗೆದು ಹಳೆಯ ಅಲಾರಾಂನಲ್ಲಿ ಕೂರಿಸಿದ. ಗುಂಡಿ ಒತ್ತಿ ನೋಡಿದ. ಅದು ಅರಚಿತು, ವರ್ನಾ ಕಿವಿ ಮುಚ್ಚಿಕೊಳ್ಳಲಿಲ್ಲ.

ಅದನ್ನು ಹಿಡಿದು ಹೊರಟವನು ಬಾಗಿಲಲ್ಲಿ ನಿಂತು, ಹಿಂತಿರುಗಿ ಬಂದು, ಹತಾರದ ಪೆಟ್ಟಿಗೆಯ ತಳ ಕೆದಕಿದ.

ಡೆಲ್ಮರ್ ಬಾಗಿಲು ತೆರೆದ. ಏನೋ ಹಂಗಿಸಲು ಬಾಯಿ ತೆರೆದವನು ಓರಿನ್‌ನ ಮುಖ ನೋಡಿ ಕೈ ಚಾಚಿದ. ಓರಿನ್ ಅಲಾರಾಂ ಅವನ ಅಂಗೈಯಲ್ಲಿಟ್ಟ. ಅದರ ಪಕ್ಕದಲ್ಲಿ, ಒರೆಸಿ ಎಣ್ಣೆ ಹಚ್ಚಿದ ಸ್ಪ್ಯಾನರ್ ಇಟ್ಟ.