ಉರಿಯದ ಟೆಸ್ಟರ್

ನಮ್ಮ ಲ್ಯಾಬಿನಲ್ಲಿ ಸ್ವಂತ ಮನೆಯವರ ಸ್ಲೈಡಿಗೆ ನಾವು ವರದಿ ಬರೆಯುವಂತಿಲ್ಲ. ಹಾಗಾಗಿ ನನ್ನ ಭಾವನ ಹೊಟ್ಟೆಯ ಗಡ್ಡೆಯಿಂದ ತೆಗೆದ ಚೂರು ಪಕ್ಕದ ಮೇಜಿನ ಡಾಕ್ಟರ ಪಾಲಿಗೆ ಹೋಯಿತು. ಹುಡುಕಬೇಕಾದದ್ದು ಒಂದು ಪ್ರೋಟೀನು. ಅದಿದ್ದರೆ, ಬಣ್ಣ ಹಾಕಿದಾಗ ಜೀವಕೋಶಗಳು ಕಂದು ಬಣ್ಣಕ್ಕೆ ತಿರುಗುತ್ತವೆ. ಹಾಗಾದರೆ ಕ್ಯಾನ್ಸರ್ ಹೊಟ್ಟೆಯಿಂದಾಚೆ ಹರಡುವ ಸಂಭವ ಹೆಚ್ಚು. ಮೊದಲು ಔಷಧಿ, ಆಮೇಲೆ ಆಪರೇಷನ್. ಇಲ್ಲದಿದ್ದರೆ ನೇರ ಆಪರೇಷನ್.

‘ಇಲ್ಲ’ ಎಂದು ವರದಿ ಬಂತು. ಅಕ್ಕ ಫೋನಿನಲ್ಲಿ ನಗುತ್ತಲೇ ಅತ್ತಳು. ಮರುದಿನ ಬೆಳಿಗ್ಗೆಯೇ ಆಪರೇಷನ್ ಎಂದು ಗೊತ್ತಾಯಿತು.

ನಾನೂ ಖುಷಿಪಟ್ಟು ಸುಮ್ಮನಿರಬಹುದಿತ್ತು. ನನ್ನ ಜಾಯಮಾನ ಅದಲ್ಲ. ಬರೆಯಬಾರದು ಅಷ್ಟೇ, ನೋಡಬಾರದೆಂದು ಯಾರೂ ಹೇಳಿಲ್ಲವಲ್ಲ! ಅವತ್ತೇ ಊಟದ ಹೊತ್ತಿನಲ್ಲಿ ಸ್ಲೈಡನ್ನು ಮೈಕ್ರೋಸ್ಕೋಪಿಗೆ ಇಟ್ಟೆ. ಭಾವನ ಚೂರಿನಲ್ಲಿ ಕಂದಿನ ಸುಳಿವೇ ಇರಲಿಲ್ಲ, ಎಲ್ಲ ಹಿನ್ನೆಲೆಯ ನೀಲಿ. ಪ್ರತಿ ಸ್ಲೈಡಿನ ಅಂಚಿನಲ್ಲಿ ಆ ಪ್ರೋಟೀನು ಖಂಡಿತ ಇರುವ ಬೇರೊಂದು ಚೂರನ್ನೂ ಇಟ್ಟಿರುತ್ತೇವೆ. ಅದಕ್ಕೆ ಕಂಟ್ರೋಲ್ ಎನ್ನುತ್ತೇವೆ. ಅದು ಕಂದಾಗಲೇಬೇಕು. ಅದೂ ನೀಲಿಯಾಗಿಯೇ ಇತ್ತು. ಅಂದರೆ ಆ ಕಂದು ಬಣ್ಣ ಹಿಡಿದೇ ಇಲ್ಲ!

ಕರೆದು ತೋರಿಸಿದಾಗ ಪಕ್ಕದ ಮೇಜಿನವರ ಮುಖ ಸಣ್ಣಗಾಯಿತು.

“ಬೇಜಾರು ಆಮೇಲೆ ಮಾಡ್ಕೊಳ್ಳಿ, ಮೊದಲು ಹೊಸದಾಗಿ ಬಣ್ಣ ಹಾಕ್ಸಿ,” ಎಂದೆ. ಸರ್ಜನ್‌ಗೆ ಹೇಳಿ ಆಪರೇಷನ್ ಮುಂದೂಡಿಸಿ, ವಾರ್ಡಿಗೆ ಹೋದೆ.

ಅಕ್ಕ ನನ್ನ ಮೇಲೆ ಹರಿಹಾಯ್ದಳು. “ಒಂದಿನ ನೆಮ್ಮದಿಯಾಗಿರೋಕೆ ಬಿಡಲ್ವಲ್ಲೇ! ಇಲ್ಲ ಅಂತ ಬಂದಿತ್ತು, ಮುಗೀತು. ನಿಂಗ್ಯಾಕೆ ಬೇಕಿತ್ತು ಕೆದಕೋ ಕೆಲಸ?”

“ಅದು ಇಲ್ಲ ಅಂತಲ್ಲ ಅಕ್ಕಾ. ಪರೀಕ್ಷೆನೇ ಆಗಿಲ್ಲ ಅಂತ.”

ಹಾಸಿಗೆಯ ಮೇಲಿದ್ದ ಭಾವ ನಕ್ಕರು. ಜೀವಮಾನವೆಲ್ಲ ವೈರಿಂಗ್ ಕೆಲಸ ಮಾಡಿದವರು.

“ಟೆಸ್ಟರ್ ಉರೀಲಿಲ್ಲ ಅಂತ ತಂತಿಗೆ ಕೈ ಹಾಕ್ತಾರೇನೇ? ಮೊದಲು ಕರೆಂಟ್ ಇರೋ ಕಡೆ ಇಟ್ಟು, ಟೆಸ್ಟರೇ ಕೆಟ್ಟಿದ್ಯಾ ನೋಡ್ಬೇಕು. ಡಾಕ್ಟ್ರಮ್ಮಂಗೆ ಚಿಕ್ಕೋಳಿದ್ದಾಗ ಇದನ್ನ ಹೇಳ್ಕೊಟ್ಟಿದ್ದೇ ನಾನು.”

“ಹೌದು ಭಾವ. ಹೇಳ್ಕೊಟ್ಟಿದ್ದೂ ನೀವೇ, ಶಾಕ್ ಹೊಡೆಸ್ಕೊಂಡಿದ್ದೂ ನೀವೇ.”

ಮರುದಿನ ಹೊಸ ಸ್ಲೈಡ್ ಬಂತು. ಕಂಟ್ರೋಲ್ ಕಂದಾಗಿತ್ತು. ಅದರ ಪಕ್ಕದಲ್ಲಿ ಭಾವನ ಚೂರೂ ಚಹಾದ ಕಲೆಯ ಹಾಗೆ ಕಂದಾಗಿತ್ತು. ಆದರೆ ಮುಂದೇನು ಮಾಡಬೇಕೆಂದು ಈಗ ನಮಗೆ ಗೊತ್ತಿತ್ತು. ಸರ್ಜನ್ ಆಪರೇಷನ್ನನ್ನು ಆಮೇಲಕ್ಕಿಟ್ಟು, ಮೊದಲು ಔಷಧಿ ಬರೆದರು.

ಸುದ್ದಿ ಹೇಳಲು ನಾನೇ ಹೋದೆ. ಬಾಗಿಲಲ್ಲಿ ನನ್ನ ಮುಖ ಕಂಡೇ ಅಕ್ಕ ಅಳತೊಡಗಿದಳು.

“ಕಂಟ್ರೋಲ್ ಬಣ್ಣ ಹಿಡೀತಾ?” ಭಾವ ಕೇಳಿದರು.

“ಹಿಡೀತು.”

“ನಂದು?”

“ನಿಮ್ದೂ ಹಿಡೀತು ಭಾವ.”

ಭಾವ ಬೆರಳ ತುದಿಯ ಹಳೆಯ ಸುಟ್ಟ ಕಲೆಯನ್ನು ಅಕ್ಕನ ಮುಂದೆ ಹಿಡಿದರು.

“ಅಳಬೇಡ ಕಣೇ. ಕರೆಂಟ್ ಇದೆ ಅಂತ ಗೊತ್ತಿದ್ದ ತಂತಿ ನಂಗೆ ಯಾವತ್ತೂ ಹೊಡೆದಿಲ್ಲ. ಈ ಕಲೆ ಕರೆಂಟ್ ಇಲ್ಲ ಅಂದ್ಕೊಂಡಿದ್ದ ತಂತೀದು.”

ಅಕ್ಕ ಆ ಬೆರಳನ್ನು ಹಿಡಿದುಕೊಂಡೇ ನನ್ನ ಕಡೆ ತಿರುಗಿ, ಔಷಧಿ ಎಂದಿನಿಂದ ಶುರು ಎಂದು ಕೇಳಿದಳು.